ಉಪವಾಸವನ್ನೊಲ್ಲದ ಉದರ

ಆಟಿಯ ಅಮಾವಾಸ್ಯೆಯಂದು ಬೆಳಕು ಹರಿಯುವ ಮುನ್ನವೇ ಎದ್ದು, ಹಾಲೆಮರದ ತೊಗಟೆಯನ್ನು ಕಬ್ಬಿಣ ಸೋಕಿಸದೆ ಕಲ್ಲಿನಿಂದಲೇ ಜಜ್ಜಿ ತೆಗೆದು, ಅದರ ಕಡುಕಹಿಯಾದ ಕಷಾಯವನ್ನು ಬರಿಹೊಟ್ಟೆಯಲ್ಲಿ ಕುಡಿದು, ತರುವಾಯ ಮೆಂತೆಯ ಗಂಜಿಯಿಂದ ಅದರ ಉಷ್ಣವನ್ನು ತಣಿಸಿಕೊಳ್ಳುವ ತುಳುನಾಡಿನ ಜನಕ್ಕೆ, ಉದರವೆಂಬುದು ಕಾಲಕಾಲಕ್ಕೆ ಬರಿದುಮಾಡಿ ಶುದ್ಧಿಗೊಳಿಸಬೇಕಾದ ಅಂಗ ಎಂಬ ಭಾವನೆ ತಲೆಮಾರುಗಳಿಂದ ಬಂದುದು. ಮೂಡುಬಿದಿರೆಯ ಬಸದಿಗಳ ಆಸುಪಾಸಿನಲ್ಲಿ ಪರ್ವದಿನಗಳ ಉಪವಾಸ ಇಂದಿಗೂ ಶ್ರದ್ಧೆಯಿಂದ ನಡೆಯುತ್ತದೆ; ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿರುವ ಶಾಂತಿವನದ ಪ್ರಕೃತಿ ಚಿಕಿತ್ಸಾಲಯದಲ್ಲಿ ಉಪವಾಸವೇ ಒಂದು ಚಿಕಿತ್ಸೆ. 'ಲಂಘನಂ ಪರಮೌಷಧಂ' ಎಂಬ ಸೂಕ್ತಿಗೆ ಈ ಸೀಮೆಯಲ್ಲಿ ಇರುವಷ್ಟು ಮನ್ನಣೆ ಬೇರೆಡೆ ಇರಲಾರದೆಂದು ನನಗೆ ಅನೇಕ ಸಲ ಅನಿಸಿದೆ. ಮನುಷ್ಯನಿಗೆ ಹಿತವಾದ ಈ ನಿಯಮವನ್ನು ಹಟ್ಟಿಯ ದನಕ್ಕೂ ಒಂದು ಮಿತಿಯಲ್ಲಿ ಅನ್ವಯಿಸಬಹುದು. ಆದರೆ ಇತ್ತೀಚಿನ ವರ್ಷಗಳಲ್ಲಿ ನಮ್ಮ ಮನೆಗಳ ಜಗಲಿಯನ್ನು ಸೇರಿಕೊಂಡಿರುವ ಒಂದು ಪುಟ್ಟ ಪ್ರಾಣಿಗೆ ಮಾತ್ರ ಇದು ಪರಮೌಷಧವಲ್ಲ, ಮೃತ್ಯು.

ಬೆಳ್ತಂಗಡಿಯ ಸಮೀಪದ ಒಂದು ಅಡಕೆ ತೋಟದ ಮನೆಯಲ್ಲಿ ನಾನು ಕೇಳಿದ ಸಂಭಾಷಣೆಯಿದು. ಗೂಡಿನಲ್ಲಿದ್ದ ಆರು ಗಿನಿಪಿಗ್‌ಗಳಲ್ಲಿ ಎರಡಕ್ಕೆ ಭೇದಿಯಾಗಿತ್ತು. ಅಜ್ಜ ಬಗ್ಗಿ ನೋಡಿ, "ಎಂತದ್ದೂ ಹಾಕ್ಬೇಡ ಮಗಾ, ಒಂದು ದಿನ ಹೊಟ್ಟೆ ಖಾಲಿ ಬಿಡು, ತನ್ನಷ್ಟಕ್ಕೆ ಸರಿಯಾಗ್ತದೆ" ಎಂದರು. ಕಾಲೇಜಿಗೆ ಹೋಗುವ ಮೊಮ್ಮಗಳು ತಲೆಯೆತ್ತದೆ, "ಇದು ದನ ಅಲ್ಲ ಅಜ್ಜಾ, ಇದಕ್ಕೆ ಒಂದು ದಿನ ಹೊಟ್ಟೆ ಖಾಲಿ ಬಿಟ್ರೆ ಮರುದಿನ ಇರೂದಿಲ್ಲ" ಎಂದಳು. ಅಜ್ಜ ಒಪ್ಪಲಿಲ್ಲ, ಆದರೆ ಒಳಗೆ ಹೋಗಿ ಒಣಹುಲ್ಲಿನ ಒಂದು ಹಿಡಿ ತಂದು ಅವಳ ಪಕ್ಕದಲ್ಲಿಟ್ಟರು.

ಮೊಮ್ಮಗಳ ಮಾತು ಶಾಸ್ತ್ರಸಮ್ಮತವಾದುದು. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಪ್ರದೇಶದಲ್ಲಿ ಸಹಸ್ರಾರು ವರ್ಷಗಳ ಹಿಂದೆಯೇ ಮಾಂಸಕ್ಕಾಗಿ ಪಳಗಿಸಲ್ಪಟ್ಟು, ಹದಿನಾರನೆಯ ಶತಮಾನದಲ್ಲಿ ಸ್ಪೇನಿನವರ ಹಡಗುಗಳಲ್ಲಿ ಯೂರೋಪಿಗೆ ಸಾಗಿ, ಅಲ್ಲಿಂದ ಪ್ರಯೋಗಶಾಲೆಗಳಿಗೂ ಮಕ್ಕಳ ಕೋಣೆಗಳಿಗೂ ಹರಡಿದ ಈ ಪ್ರಾಣಿ, ಹುಟ್ಟಿದ ಸೀಮೆಯಲ್ಲಿ ಒಣಗಿದ ಒರಟು ಹುಲ್ಲನ್ನು ಹಗಲಿರುಳೂ ಮೇಯುತ್ತ ಬದುಕಿದ ಜಾತಿಗೆ ಸೇರಿದುದು. ಅದರ ಜಠರ ತೆಳುವಾದ ಗೋಡೆಯ ಚಿಕ್ಕ ಚೀಲ. ಮೆಲುಕು ಹಾಕುವ ಶಕ್ತಿ ಅದಕ್ಕಿಲ್ಲ, ವಾಂತಿ ಮಾಡಿಕೊಳ್ಳುವ ಶಕ್ತಿಯೂ ಇಲ್ಲ. ನಾರನ್ನು ಅರಗಿಸುವ ಮುಖ್ಯ ಕೆಲಸವೆಲ್ಲ ನಡೆಯುವುದು ಸಣ್ಣ ಕರುಳು ಮುಗಿದು ದೊಡ್ಡ ಕರುಳು ಆರಂಭವಾಗುವಲ್ಲಿ ಕವಲೊಡೆದಿರುವ ಅಂಧಾಂತ್ರದಲ್ಲಿ. ಒಂದು ಗೇಣಿಗಿಂತ ತುಸು ಕಡಿಮೆ ಉದ್ದದ ಈ ಚೀಲದಲ್ಲಿ, ಜೀರ್ಣಾಂಗದ ಒಟ್ಟು ಸಾಮಗ್ರಿಯ 65 ಪ್ರತಿಶತದಷ್ಟು ತುಂಬಿಕೊಂಡಿರುವುದುಂಟು. ಗಾಳಿಯಿಲ್ಲದೆಡೆ ಬದುಕುವ ಕೋಟ್ಯಂತರ ಸೂಕ್ಷ್ಮಜೀವಿಗಳು ಅಲ್ಲಿ ಹುಲ್ಲಿನ ನಾರನ್ನು ಒಡೆದು ಒಡೆಯನಿಗೆ ಬೇಕಾದ ಆಮ್ಲಗಳನ್ನೂ ಜೀವಸತ್ವಗಳನ್ನೂ ತಯಾರಿಸುತ್ತವೆ. ಹೀಗೆ ತಯಾರಾದುದನ್ನು ಪೂರ್ತಿಯಾಗಿ ಪಡೆಯಲು ಪ್ರಾಣಿಯು ತನ್ನ ಮೆತ್ತನೆಯ ಒಂದು ಬಗೆಯ ಹಿಕ್ಕೆಯನ್ನು ನೇರವಾಗಿ ಬಾಯಿಗೆ ತೆಗೆದುಕೊಂಡು ಮತ್ತೆ ತಿನ್ನುತ್ತದೆ. ಇದನ್ನು ಮೊದಲ ಬಾರಿಗೆ ಕಂಡವರು ರೋಗವೆಂದು ಗಾಬರಿಗೊಳ್ಳುವುದುಂಟು, ಆದರೆ ಇದು ಆರೋಗ್ಯದ ಲಕ್ಷಣ.

ಬಂಟ್ವಾಳದ ಕಡೆಯ ಕೃಷಿಕರ ಮನೆಗಳಲ್ಲಿ ಗೋಬರ್ ಗ್ಯಾಸ್ ಸ್ಥಾವರವನ್ನು ನೋಡಿಕೊಂಡವರಿಗೆ ಅಂಧಾಂತ್ರದ ಸ್ವಭಾವವನ್ನು ಹೆಚ್ಚು ವಿವರಿಸಬೇಕಾಗಿಲ್ಲ: ದಿನವೂ ಹದವಾಗಿ ಸೆಗಣಿ ಕಲಸಿ ಹಾಕಿದರೆ ಅದು ನಡೆಯುತ್ತದೆ, ನಾಲ್ಕು ದಿನ ನಿಲ್ಲಿಸಿದರೆ ಒಳಗಿನ ಜೀವಿಗಳು ಸೊರಗುತ್ತವೆ, ಹುಳಿಯಾದ ಅಡುಗೆಯ ಉಳಿಕೆಯನ್ನು ಒಮ್ಮೆಗೇ ಸುರಿದರೆ ಕೆಡುತ್ತದೆ, ಮತ್ತು ಕೆಟ್ಟ ಮೇಲೆ ಅದು ಪುನಃ ಹದಕ್ಕೆ ಬರಲು ವಾರಗಳೇ ಹಿಡಿಯುತ್ತವೆ. ವ್ಯತ್ಯಾಸವೆಂದರೆ ಗಿನಿಪಿಗ್‌ಗೆ ವಾರಗಳ ಅವಕಾಶವಿಲ್ಲ. ಮೇವು ನಿಂತೊಡನೆ ಕರುಳಿನ ಚಲನೆ ನಿಧಾನವಾಗುತ್ತದೆ. ಚಲನೆ ನಿಧಾನವಾದರೆ ಒಳಗಿರುವುದು ಒಣಗಿ ಗಟ್ಟಿಯಾಗುತ್ತದೆ, ಅನಿಲ ತುಂಬುತ್ತದೆ, ನೋವು ಬರುತ್ತದೆ. ನೋವಿನಿಂದ ಮೇವು ಇನ್ನಷ್ಟು ಬೇಡವಾಗುತ್ತದೆ. ಇತ್ತ ಆಹಾರವಿಲ್ಲದ ಶರೀರವು ತನ್ನ ಮೇದಸ್ಸನ್ನೇ ಕರಗಿಸಲು ತೊಡಗಿ, ಅದೆಲ್ಲ ಯಕೃತ್ತಿನಲ್ಲಿ ಶೇಖರವಾಗಿ, ಕೊಬ್ಬಿದ ಪ್ರಾಣಿಯಲ್ಲಿಯೂ ಗಬ್ಬದ ಹೆಣ್ಣಿನಲ್ಲಿಯೂ ಅತಿಶೀಘ್ರವಾಗಿ ಯಕೃತ್ತನ್ನು ಕೆಡಿಸುತ್ತದೆ. ಹನ್ನೆರಡು ತಾಸು ಏನನ್ನೂ ತಿನ್ನದ ಗಿನಿಪಿಗ್ ಎಂದರೆ ತುರ್ತು ಪ್ರಸಂಗವೆಂದೇ ತಿಳಿಯತಕ್ಕದ್ದು.

ಹಟ್ಟಿಯ ವಿದ್ಯೆ ಇಲ್ಲಿ ಪೂರಾ ನಿರರ್ಥಕವೆಂದು ನಾನು ಹೇಳುತ್ತಿಲ್ಲ. ಮೊದಲ ಮಳೆಗೆ ಚಿಗುರಿದ ಎಳೆಹುಲ್ಲನ್ನು ಹೊಟ್ಟೆತುಂಬ ಮೇದ ಹಸುವಿಗೆ ಎಡಪಕ್ಕೆ ಉಬ್ಬುವುದನ್ನು, ಹಲಸಿನ ಕಾಲದಲ್ಲಿ ಸಿಪ್ಪೆಯನ್ನೂ ತೊಳೆಯನ್ನೂ ಮಿತಿಮೀರಿ ತಿಂದ ದನವು ಹುಳಿಯೇರಿ ನೆಲಕಚ್ಚುವುದನ್ನು, ಮದುವೆ ಮನೆಯ ಉಳಿದ ಅನ್ನವನ್ನು ಕಲಗಚ್ಚಿಗೆ ಸುರಿದ ಮರುದಿನ ಪಶುವೈದ್ಯರಿಗಾಗಿ ಓಡುವುದನ್ನು ಕಂಡರಿಯದ ಹಳ್ಳಿ ಮೂಡುಬಿದಿರೆ, ಬೆಳ್ತಂಗಡಿ, ಬಂಟ್ವಾಳ ಈ ಮೂರು ಸೀಮೆಗಳಲ್ಲಿ ಇರಲಾರದು. ಈ ಅನುಭವದಲ್ಲಿ ಅಡಗಿರುವ ಮುಖ್ಯ ತತ್ತ್ವ, ಅಂದರೆ ನಾರು ಕಡಿಮೆಯಾಗಿ ಪಿಷ್ಟವೂ ಸಕ್ಕರೆಯೂ ಹೆಚ್ಚಾದರೆ ಹೊಟ್ಟೆಯೊಳಗಿನ ಜೀವಿಗಳ ಸಮತೋಲ ತಪ್ಪುವುದೆಂಬುದು, ಗಿನಿಪಿಗ್‌ಗೂ ಅಕ್ಷರಶಃ ಸಲ್ಲುತ್ತದೆ. ಸಲ್ಲದಿರುವುದು ಚಿಕಿತ್ಸೆ. ಹಸುವಿಗೆ ಹುದುಗುವ ಜಠರ ಮುಂದಿದೆ, ತೇಗು ಬರುತ್ತದೆ, ಎಣ್ಣೆ ಕುಡಿಸಿ ನೊರೆಯನ್ನು ಒಡೆಯಬಹುದು. ಗಿನಿಪಿಗ್‌ಗೆ ಹುದುಗುವ ಚೀಲ ಹಿಂದಿದೆ, ಮೇಲ್ಮುಖವಾಗಿ ಬಿಡುಗಡೆಯೇ ಇಲ್ಲ, ಬಲವಂತವಾಗಿ ಎಣ್ಣೆ ಹೊಯ್ದರೆ ಅದು ಶ್ವಾಸಕೋಶವನ್ನು ಸೇರುವ ಸಂಭವವೇ ಹೆಚ್ಚು. ಆಟಿಯ ಕಷಾಯದ ಒಂದು ಚಮಚವನ್ನು 'ಇದಕ್ಕೂ ಒಳ್ಳೆಯದೇ' ಎಂದು ಹಾಕಿದವರ ವಿಷಯವನ್ನು ಕೇಳಿದ್ದೇನೆ. ಮನುಷ್ಯನೇ ಅಳತೆ ತಪ್ಪಿದರೆ ಕಂಗೆಡುವ ಆ ಮದ್ದನ್ನು ಒಂದು ಕಿಲೋ ಆಸುಪಾಸು ತೂಗುವ ಜೀವಿಗೆ ಕೊಡಬಾರದೆಂದು ಬೇರೆ ಹೇಳಬೇಕಿಲ್ಲ.

ಇನ್ನು ಗುಂಪಿನ ಸಂಗತಿ. ಬೇಸಗೆ ರಜೆಯಲ್ಲಿ ಮಕ್ಕಳ ಹಟಕ್ಕೆ ಮಂಗಳೂರಿನಿಂದ ತಂದ ಜೋಡಿಯೊಂದು ಮುಂದಿನ ಬೇಸಗೆಯೊಳಗೆ ಹತ್ತು ಹನ್ನೆರಡಾಗುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಎರಡು ತಿಂಗಳಿಗೆ ಸ್ವಲ್ಪ ಹೆಚ್ಚು ಗಬ್ಬವಿದ್ದು, ಮರಿಹಾಕಿದ ತಾಸುಗಳಲ್ಲಿಯೇ ಪುನಃ ಗಬ್ಬಗಟ್ಟಬಲ್ಲ ಪ್ರಾಣಿಯಿದು. ಒಂಟಿಯಾಗಿದ್ದರೆ ಬಹುಬೇಗ ಗೊತ್ತಾಗುವ ಕಾಯಿಲೆ ಗುಂಪಿನಲ್ಲಿ ಗೊತ್ತಾಗುವುದಿಲ್ಲ. ತಟ್ಟೆ ಬರಿದಾಗಿರುತ್ತದೆ, ಆದರೆ ಯಾರು ತಿಂದರು, ಯಾರು ತಿನ್ನಲಿಲ್ಲವೆಂಬುದು ತಟ್ಟೆಯಿಂದ ತಿಳಿಯದು. ಹಾಸಿನ ಮೇಲೆ ಮೆತ್ತನೆಯ ಮಲ ಕಾಣುತ್ತದೆ, ಆದರೆ ಅದು ಯಾರದೆಂದು ಹೇಳುವವರಿಲ್ಲ. ಮೇಲಾಗಿ ಬೇಟೆಗೆ ಸಿಕ್ಕುವ ಜಾತಿಯ ಪ್ರಾಣಿಯಾದುದರಿಂದ ನೋವನ್ನು ಮರೆಮಾಚುವುದು ಅದರ ಹುಟ್ಟುಗುಣ: ಒಡೆಯನು ಗೂಡಿನ ಬಳಿ ಬಂದೊಡನೆ ಅಸ್ವಸ್ಥವಾದುದೂ ಇತರರೊಂದಿಗೆ ಓಡಿಬಂದು ಹುಲ್ಲಿಗೆ ಬಾಯಿ ಹಾಕುತ್ತದೆ, ಬಾಯಿ ಹಾಕುತ್ತದೆ, ಜಗಿಯುವುದಿಲ್ಲ.

ಆದುದರಿಂದ ಗುಂಪನ್ನು ಸಾಕುವವರಿಗೆ ತಕ್ಕಡಿಗಿಂತ ದೊಡ್ಡ ಮಿತ್ರನಿಲ್ಲ. ಮೂಡುಬಿದಿರೆಯ ಒಂದು ಮನೆಯಲ್ಲಿ ಇದನ್ನು ನಡೆಸುವ ಕ್ರಮವನ್ನು ಕಂಡು ನಾನು ಮೆಚ್ಚಿದೆ. ಅಡುಗೆಮನೆಯ ಬ್ಯಾಟರಿ ತಕ್ಕಡಿಯ ಮೇಲೆ ಒಂದು ಬೆತ್ತದ ಬುಟ್ಟಿ. ಬುಟ್ಟಿಯಲ್ಲಿ ಒಂದೊಂದನ್ನೇ ಕೂರಿಸಿ, ಬೆನ್ನಿನ ಬಣ್ಣದ ಗುರುತಿನಿಂದ ಹೆಸರು ಹಿಡಿದು, ಗೋಡೆಯ ಕ್ಯಾಲೆಂಡರಿನ ತಾರೀಕಿನ ಮನೆಯಲ್ಲಿಯೇ ಪೆನ್ಸಿಲ್ಲಿನಿಂದ ಗ್ರಾಮಿನ ಲೆಕ್ಕ ಬರೆಯುತ್ತಾರೆ. ಬೆಳೆದ ಗಿನಿಪಿಗ್ ಸಾಮಾನ್ಯವಾಗಿ 700ರಿಂದ 1200 ಗ್ರಾಂ ತೂಗುತ್ತದೆ. ದಿನದಿಂದ ದಿನಕ್ಕೆ ಹತ್ತಿಪ್ಪತ್ತು ಗ್ರಾಮಿನ ಏರಿಳಿತ ಸಹಜ. ಆದರೆ 900 ಗ್ರಾಮಿನದು ವಾರದಲ್ಲಿ 850ಕ್ಕೆ ಇಳಿದರೆ ಕಣ್ಣಿಡಬೇಕು, 810ಕ್ಕೆ ಇಳಿದರೆ ವೈದ್ಯರಲ್ಲಿಗೆ ಹೊರಡಬೇಕು. ಕಣ್ಣಿಗೆ ಏನೂ ಕಾಣಿಸದಿರುವಾಗಲೂ ಅಂಕೆ ಇಳಿಯುತ್ತದೆ, ಇದೇ ಅದರ ಉಪಕಾರ.

ಸಂಶಯ ಬಂದೊಡನೆ ಮಾಡಬೇಕಾದುದು ಸಂಶಯದ ಪ್ರಾಣಿಯನ್ನು ತಂತಿಬಲೆಯ ಅಡ್ಡತಡೆಯ ಆಚೆಗೆ, ಬಿಳಿಯ ಬಟ್ಟೆಯ ಮೇಲೆ ಒಂದೆರಡು ತಾಸು ಬಿಟ್ಟು ಹಿಕ್ಕೆಯನ್ನು ನೋಡುವುದು. ಆರೋಗ್ಯವಂತ ಗಿನಿಪಿಗ್‌ನ ಹಿಕ್ಕೆ ಉದ್ದಿನ ಕಪ್ಪಿಗೂ ಕಾಫಿಯ ಕಂದಿಗೂ ನಡುವಣ ಬಣ್ಣದ್ದು, ಎರಡು ತುದಿಯೂ ಗುಂಡಾದ ನೀಳ ಆಕಾರದ್ದು, ಒತ್ತಿದರೆ ತುಸು ಬಗ್ಗುವಂತಹದು. ಮುರಿದರೆ ಒಳಗೆ ಹುಲ್ಲಿನ ಪುಡಿ ಕಾಣುತ್ತದೆ. ಅದು ಸಣ್ಣದಾಗಿ, ಒಣಗಿ, ಒಂದು ತುದಿ ಚೂಪಾಗಿದ್ದರೆ ಮೇವು ಕಡಿಮೆಯಾಗಿದೆ, ಕರುಳು ಮಂದವಾಗಿದೆ. ಮೆತ್ತಗಾಗಿ ಗುಂಪುಗಟ್ಟಿದ್ದರೆ ಹಸುರು ಹೆಚ್ಚಾಗಿದೆ ಅಥವಾ ಮೇವು ಬದಲಾಗಿದೆ. ನೀರಾಗಿ, ದುರ್ಗಂಧ ಹೊಡೆದು, ಹಿಂಗಾಲಿನ ರೋಮಕ್ಕೆ ಅಂಟಿದ್ದರೆ, ಅಥವಾ ಹಿಕ್ಕೆಯೇ ಇಲ್ಲದಿದ್ದರೆ, ಸಂಜೆಯವರೆಗೆ ಕಾಯತಕ್ಕದ್ದಲ್ಲ. ರೋಮವನ್ನು ಉಬ್ಬಿಸಿಕೊಂಡು ಮೂಲೆಯಲ್ಲಿ ಮುದುಡಿ ಕುಳಿತಿರುವುದು, ಹಲ್ಲು ಕಡಿಯುವುದು, ಕಿವಿ ತಣ್ಣಗಿರುವುದು, ಬೆರಳಿನಿಂದ ತಟ್ಟಿದರೆ ಹೊಟ್ಟೆ ಬಿಗಿದ ಚರ್ಮದಂತೆ ಸದ್ದು ಮಾಡುವುದು, ಇವು ಪ್ರಾಣಾಪಾಯದ ಸೂಚನೆಗಳು.

ರೋಗ ಒಂದಕ್ಕೆ ಮಾತ್ರವೋ, ಹಲವಕ್ಕೋ ಎಂಬ ಪ್ರಶ್ನೆಯೇ ಅರ್ಧ ರೋಗನಿದಾನ. ಒಂದೇ ಒಂದು ಸೊರಗಿದ್ದರೆ ಕಾರಣ ಅದರ ಶರೀರದಲ್ಲಿಯೇ ಇರುವ ಸಂಭವ ಹೆಚ್ಚು, ಅದರಲ್ಲಿಯೂ ಬಾಯಿಯಲ್ಲಿ: ಜೀವಮಾನವಿಡೀ ಬೆಳೆಯುವ ಇದರ ದವಡೆಹಲ್ಲುಗಳು ಒರಟು ಹುಲ್ಲಿನ ಅರೆತವಿಲ್ಲದೆ ಒಳಬಾಗಿ ಬೆಳೆದು ನಾಲಗೆಯನ್ನೇ ಬಂಧಿಸಿಬಿಡುವುದುಂಟು, ಹೊಟ್ಟೆಯ ರೋಗವೆಂದು ಕರೆತಂದುದು ಹಲ್ಲಿನ ರೋಗವೆಂದು ತಿಳಿಯುವುದು ಅಪರೂಪವಲ್ಲ. ಬಲಿಷ್ಠವಾದ ಗಂಡೊಂದು ಹುಲ್ಲಿನ ಬುಟ್ಟಿಯ ಮುಂದೆ ಕುಳಿತು ದುರ್ಬಲವಾದುದನ್ನು ಸೇರಗೊಡದಿರುವುದೂ ಉಂಟು. ಆಗ ಬೇಕಾದುದು ಔಷಧವಲ್ಲ, ಎರಡನೆಯ ಬುಟ್ಟಿ. ಮೂರು ನಾಲ್ಕಕ್ಕೆ ಒಮ್ಮೆಗೇ ಬಂದರೆ ಮೇವನ್ನೋ ನೀರನ್ನೋ ಶಂಕಿಸಬೇಕು. ಇಂದೊಂದಕ್ಕೆ, ನಾಡಿದ್ದು ಮತ್ತೊಂದಕ್ಕೆ ಎಂಬಂತೆ ಹಬ್ಬಿದರೆ ಸೋಂಕನ್ನು. ಐಮೇರಿಯ ಎಂಬ ಪರೋಪಜೀವಿಯಿಂದ ಬರುವ ಕಾಕ್ಸಿಡಿಯ ರೋಗ ಮರಿಗಳಲ್ಲಿ ಹೆಚ್ಚು. ಇಲಿಗಳು ತುಳಿದ ಧಾನ್ಯದಿಂದಲೂ ತೊಳೆಯದ ಸೊಪ್ಪಿನಿಂದಲೂ ಬರುವ ಸಾಲ್ಮೊನೆಲ್ಲ ಮನುಷ್ಯರಿಗೂ ಅಂಟುವುದರಿಂದ, ಮಕ್ಕಳು ಕೈತೊಳೆಯದೆ ಊಟಕ್ಕೆ ಕೂರಬಾರದು. ಹೊಸದಾಗಿ ತಂದುದನ್ನು ಎರಡು ಮೂರು ವಾರ ಬೇರೆಯೇ ಇರಿಸಿ ಆ ಬಳಿಕ ಗುಂಪಿಗೆ ಸೇರಿಸುವ ಕ್ರಮ ಇದಕ್ಕಾಗಿಯೇ.

ಮೇವಿನ ದೋಷಗಳು ನಮ್ಮ ಸೀಮೆಯಲ್ಲಿ ಯಾವುವು? ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಈ ಘಟ್ಟದ ತಪ್ಪಲಿನಲ್ಲಿ, ಜೂನಿನಿಂದ ಸೆಪ್ಟೆಂಬರಿನವರೆಗೆ ಒಣಮೇವೆಂಬುದೇ ದುರ್ಲಭ. ಅಂಗಳದಾಚೆ ಮೊಣಕಾಲೆತ್ತರ ಬೆಳೆದ ರಸಭರಿತ ಹುಲ್ಲು ಕಣ್ಣಿಗೆ ಸಮೃದ್ಧಿಯಾಗಿ ಕಂಡರೂ ಅದರಲ್ಲಿ ನೀರು ಹೆಚ್ಚು, ನಾರು ಕಡಿಮೆ. ಕೊಯ್ದು ರಾಶಿ ಹಾಕಿದರೆ ಕೆಲವೇ ತಾಸುಗಳಲ್ಲಿ ಒಳಗೆ ಬಿಸಿಯೇರಿ ಹುಳಿಯಾಗುತ್ತದೆ. ಚೀಲದ ಹಿಂಡಿಯೂ ಅಂಗಡಿಯ ಗುಳಿಗೆ ಆಹಾರವೂ ಆ ತೇವಕ್ಕೆ ಬೂಷ್ಟು ಹಿಡಿಯುತ್ತವೆ, ಅದರಲ್ಲಿಯೂ ನೆಲಗಡಲೆಯ ಹಿಂಡಿಯ ಬೂಷ್ಟಿನಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷಕ್ಕೆ ಗಿನಿಪಿಗ್ ಬಹಳ ಬೇಗ ಬಲಿಯಾಗುತ್ತದೆ. ಬೇಲಿಯ ಲಂಟಾನದ ಎಲೆ ದನಕ್ಕೆ ವಿಷವೆಂಬುದನ್ನು ಬಲ್ಲವರು ಇದಕ್ಕೂ ವಿಷವೆಂಬುದನ್ನು ಮರೆಯಬಾರದು. ಇನ್ನು ಕುಚ್ಚಲಕ್ಕಿಯ ಅನ್ನ, ಬಿಸ್ಕತ್ತು, ಬಾಳೆಹಣ್ಣು ಎಂದು ಮಕ್ಕಳು ಪ್ರೀತಿಯಿಂದ ನೀಡುವ ನೈವೇದ್ಯಗಳ ವಿಷಯ ಹೇಳುವುದೇ ಬೇಡ.

ಆದರೆ ನಮ್ಮಲ್ಲಿಗೇ ವಿಶಿಷ್ಟವಾದ ಅಪಾಯವೊಂದಿದೆ. ಪರದೇಶದ ಯಾವ ಕೈಪಿಡಿಯಲ್ಲಿಯೂ ಅದು ಸಿಕ್ಕುವುದಿಲ್ಲ. ಅಡಕೆಯ ಕೊಳೆರೋಗಕ್ಕೆ ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುವ ಪದ್ಧತಿ, ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ನರು 1910ರ ಸುಮಾರಿಗೆ ಆ ರೋಗದ ಅಧ್ಯಯನ ನಡೆಸಿದ ಕಾಲದಿಂದ ಬೆಳೆದು ಬಂದು, ಈಗ ಮಳೆಗೆ ಮುಂಚೆ ಒಮ್ಮೆ, ಅದಾಗಿ ಸುಮಾರು ನಲವತ್ತು ದಿನಕ್ಕೆ ಇನ್ನೊಮ್ಮೆ 'ಮದ್ದು ಬಿಡುವುದು' ಎಂಬ ಹೆಸರಿನಲ್ಲಿ ತೋಟದ ದಿನಚರಿಯ ಭಾಗವಾಗಿದೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮರದ ತುದಿಗೆ ಬಿಟ್ಟ ಮದ್ದೆಲ್ಲ ಗೊನೆಯಲ್ಲಿಯೇ ನಿಲ್ಲುವುದಿಲ್ಲ. ತೊಟ್ಟಿಕ್ಕಿ ಬುಡದ ಹುಲ್ಲಿನ ಮೇಲೆ ನೀಲಿಯ ಚುಕ್ಕೆಗಳಾಗಿ ಒಣಗುತ್ತದೆ. ಮೈಲುತುತ್ತು ಮನುಷ್ಯನ ಹೊಟ್ಟೆಗೆ ಹೋದರೆ ವಾಂತಿ ತರಿಸುತ್ತದೆ, ಆ ವಾಂತಿಯೇ ಅವನ ರಕ್ಷಣೆ. ವಾಂತಿಯೇ ಇಲ್ಲದ ಪ್ರಾಣಿಗೆ ಆ ರಕ್ಷಣೆಯೂ ಇಲ್ಲ. ಮದ್ದು ಬಿಟ್ಟ ತೋಟದ ಹುಲ್ಲನ್ನು ಹಲವು ಜಡಿಮಳೆ ಕಳೆಯುವವರೆಗೂ ಗೂಡಿಗೆ ತರಬಾರದು. ತೋಟದಿಂದ ದೂರದ ಬೇಣದ ಹುಲ್ಲೇ ಲೇಸು.

ಬೇಣದ ಮಾತು ಬಂದುದರಿಂದ ಹೇಳುತ್ತೇನೆ: ಮಳೆಗಾಲಕ್ಕೆ ಬೇಕಾದ ಒಣಹುಲ್ಲನ್ನು ಫೆಬ್ರವರಿ, ಮಾರ್ಚ್ ತಿಂಗಳ ಬಿಸಿಲಿನಲ್ಲಿಯೇ ಒಣಗಿಸಿ ಅಟ್ಟಕ್ಕೇರಿಸಿಕೊಳ್ಳುವುದು ಇಲ್ಲಿಯ ಗಿನಿಪಿಗ್ ಸಾಕಣೆಯ ಅರ್ಧ ಜಾಣತನ. ದನಕ್ಕೆ ಬೆಳೆಸಿದ ನೇಪಿಯರ್ ಹುಲ್ಲಿದ್ದರೆ ಅದನ್ನೇ ಕೊಚ್ಚಿ ಒಣಗಿಸಬಹುದು. ಬೈಹುಲ್ಲು ಹಲ್ಲಿಗೆ ಕೆಲಸ ಕೊಡುತ್ತದೆ, ಹಾಸಿಗೂ ಆಗುತ್ತದೆ. ಪೋಷಣೆ ಮಾತ್ರ ಅದರಲ್ಲಿ ಅತ್ಯಲ್ಪ.

ಜೀವಸತ್ವ 'ಸಿ' ಇಲ್ಲದೆ ಹೋದರೂ ಹೊಟ್ಟೆ ಕೆಡುತ್ತದೆ, ಸಂಧಿಗಳು ಊದುತ್ತವೆ, ರೋಮ ಕಳೆಗುಂದುತ್ತದೆ. ನಮ್ಮಂತೆಯೇ ಗಿನಿಪಿಗ್ ಕೂಡ ಈ ಸತ್ವವನ್ನು ಶರೀರದಲ್ಲಿ ತಯಾರಿಸಿಕೊಳ್ಳಲಾರದು; 1907ರಲ್ಲಿ ನಾರ್ವೆಯ ಆಕ್ಸೆಲ್ ಹೋಲ್ಸ್ಟ್ ಮತ್ತು ಥಿಯೊಡೋರ್ ಫ್ರೋಲಿಕ್ ಎಂಬುವರು ನಾವಿಕರ ಬೆರಿಬೆರಿಯನ್ನು ಹುಡುಕುತ್ತ ಇವಕ್ಕೆ ಬರಿಯ ಧಾನ್ಯವನ್ನು ತಿನ್ನಿಸಿ ನೋಡಿದಾಗ, ಹುಡುಕಿದ ರೋಗಕ್ಕೆ ಬದಲಾಗಿ ಸ್ಕರ್ವಿ ಕಾಣಿಸಿಕೊಂಡಿತು. ಅಂದು ಪ್ರಯೋಗಶಾಲೆಯಲ್ಲಿ ಆದುದು ಇಂದು ಅಕ್ಕಿ, ಗೋಧಿಗಳ ಮೇಲೆಯೇ ಸಾಕುವ ಮನೆಗಳಲ್ಲಿ ಆಗುತ್ತದೆ. ದಿನಕ್ಕೆ ಕಿಲೋ ತೂಕಕ್ಕೆ 10ರಿಂದ 30 ಮಿಲಿಗ್ರಾಂ ಸಾಕು. ಬೆರಳಗಲದ ಪೇರಳೆಯ ಹೋಳು ಅಥವಾ ನೆಲ್ಲಿಕಾಯಿಯ ಚೂರು ಅಷ್ಟನ್ನು ಒದಗಿಸುತ್ತದೆ.

ಇಷ್ಟಾಗಿಯೂ ರೋಗ ಬಂದರೆ? ಮೊದಲನೆಯದಾಗಿ, ಮನೆಯಲ್ಲಿ ಉಳಿದಿರುವ ಯಾವ ಮಾತ್ರೆಯನ್ನೂ ಕೊಡಬಾರದು. 1940ರ ಮೇ 25ರಂದು ಆಕ್ಸ್‌ಫರ್ಡಿನಲ್ಲಿ ಹೋವರ್ಡ್ ಫ್ಲೋರಿಯವರು ಪೆನಿಸಿಲಿನ್ನಿನ ಪ್ರಸಿದ್ಧ ಪರೀಕ್ಷೆಯನ್ನು ನಡೆಸಿದುದು ಎಂಟು ಸುಂಡಿಲಿಗಳ ಮೇಲೆ; ಗಿನಿಪಿಗ್‌ಗಳ ಮೇಲೆ ನಡೆಸಿದ್ದರೆ ಆ ಮಹೌಷಧವು ವಿಷವೆಂಬ ತೀರ್ಮಾನದೊಡನೆ ಕಪಾಟು ಸೇರುತ್ತಿತ್ತೋ ಏನೋ. ಪೆನಿಸಿಲಿನ್ ಗಿನಿಪಿಗ್‌ಗಳನ್ನು ಕೊಲ್ಲುವುದೆಂಬುದು 1943ರಲ್ಲಿ ವರದಿಯಾಯಿತು. ಅಂಧಾಂತ್ರದ ಉಪಕಾರಿ ಜೀವಿಗಳನ್ನು ಔಷಧ ನಾಶಮಾಡಿದೊಡನೆ ಕ್ಲಾಸ್ಟ್ರಿಡಿಯಂ ಜಾತಿಯವು ಆ ಸ್ಥಾನವನ್ನು ಆಕ್ರಮಿಸಿ ವಿಷ ಸುರಿಸುತ್ತವೆ. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಲಿಂಕೋಮೈಸಿನ್, ಎರಿತ್ರೋಮೈಸಿನ್‌ಗಳನ್ನು ಬಾಯಿಗೆ ಹಾಕಿದರೂ ಪರಿಣಾಮ ಅದೇ. ನಮ್ಮ ಪಶುವೈದ್ಯರಲ್ಲಿ ಹೆಚ್ಚಿನವರ ದಿನವೆಲ್ಲ ದನ, ಆಡು, ಕೋಳಿಗಳೊಡನೆ ಕಳೆಯುವುದರಿಂದ, ಕರೆದೊಯ್ಯುವ ಮುನ್ನ ಫೋನಿನಲ್ಲಿ ಇದು ಗಿನಿಪಿಗ್ ಎಂದು ಸ್ಪಷ್ಟವಾಗಿ ತಿಳಿಸಿ, ತೂಕದ ಲೆಕ್ಕವನ್ನೂ ಕಾಗದದಲ್ಲಿ ಕಟ್ಟಿದ ಹಿಕ್ಕೆಯನ್ನೂ ಒಯ್ಯುವುದು ಇಬ್ಬರಿಗೂ ಅನುಕೂಲ.

ಹೊಟ್ಟೆ ಉಬ್ಬಿ ಬಿಗಿದಿದ್ದರೆ ಬಾಯಿಗೆ ಏನನ್ನೂ ಬಲಾತ್ಕಾರದಿಂದ ಹಾಕದೆ ನೇರವಾಗಿ ವೈದ್ಯರಲ್ಲಿಗೆ. ಅನಿಲಕ್ಕೆ ಸಿಮೆಥಿಕೋನ್, ನೋವಿಗೆ ಶಾಮಕ, ಚರ್ಮದಡಿಗೆ ದ್ರವ, ತಡೆಯಿಲ್ಲವೆಂದು ಕಂಡರೆ ಕರುಳಿನ ಚಲನೆಗೆ ಔಷಧ, ಇವೆಲ್ಲ ಅವರ ನಿರ್ಧಾರಕ್ಕೆ ಬಿಟ್ಟವು. ಉಬ್ಬರವಿಲ್ಲದೆ ಕೇವಲ ಮೇವು ಬಿಟ್ಟಿದ್ದರೆ ಮನೆಯವರ ಕೆಲಸ ಬಹಳವಿದೆ. ಹಸುರು, ಹಣ್ಣುಗಳನ್ನು ನಿಲ್ಲಿಸಿ ಒಣಹುಲ್ಲನ್ನು ಯಥೇಚ್ಛವಾಗಿ ಇಡಬೇಕು. ಗುಳಿಗೆ ಆಹಾರವನ್ನು ಪುಡಿಮಾಡಿ ಬಿಸಿನೀರಿನಲ್ಲಿ ನೆನೆಸಿ, ಉಗುರುಬೆಚ್ಚಗಾದ ಮೇಲೆ ನಯವಾಗಿ ಕಲಸಿ, ಒಂದು ಮಿಲಿಲೀಟರಿನ ಸೂಜಿಯಿಲ್ಲದ ಸಿರಿಂಜಿನಲ್ಲಿ ತುಂಬಿಕೊಂಡು, ಪ್ರಾಣಿಯನ್ನು ಟವಲಿನಲ್ಲಿ ಸುತ್ತಿ ತೊಡೆಯ ಮೇಲೆ ನಾಲ್ಕು ಕಾಲಿನ ಮೇಲೆಯೇ ಕೂರಿಸಿ, ಮುಂದಿನ ಹಲ್ಲುಗಳ ಹಿಂದಿನ ಖಾಲಿಜಾಗದಿಂದ ಪಕ್ಕಕ್ಕೆ ತುದಿಯನ್ನು ತೂರಿಸಿ, ಒಂದು ತೊಟ್ಟು ಹಾಕಿ ಜಗಿಯುವವರೆಗೆ ಕಾಯಬೇಕು. ಅಂಗಾತ ಮಲಗಿಸಿ ಹೊಯ್ದರೆ ಉಸಿರಿಗೆ ಸೇರುತ್ತದೆ. ದಿನಕ್ಕೆ ಕಿಲೋ ತೂಕಕ್ಕೆ ಸುಮಾರು 50 ಮಿಲಿಲೀಟರ್ ಬೇಕಾಗುವುದರಿಂದ ಈ ಕೆಲಸ ರಾತ್ರಿಯೂ ನಿಲ್ಲುವಂತಿಲ್ಲ. ಮನೆಯ ನಾಲ್ವರು ಪಾಳಿ ಹಿಡಿದರೆ ಮಾತ್ರ ಸಾಧ್ಯ. ಆರೋಗ್ಯವಂತ ಹಸುವಿನ ಜಠರದ ದ್ರವವನ್ನು ರೋಗಿ ಹಸುವಿಗೆ ಕುಡಿಸುವಂತೆ, ಆರೋಗ್ಯವಂತ ಗಿನಿಪಿಗ್‌ನ ಹೊಸ ಹಿಕ್ಕೆಯನ್ನು ಈ ಗಂಜಿಯಲ್ಲಿ ಕದಡಿ ಕೊಡಿಸುವ ವೈದ್ಯರೂ ಇದ್ದಾರೆ. ಆದರೆ ಗುಂಪಿನಲ್ಲಿ ಸೋಂಕು ಇಲ್ಲವೆಂಬುದು ಖಚಿತವಾಗಿದ್ದರೆ ಮಾತ್ರ.

ರೋಗಿಯನ್ನು ಗುಂಪಿನಿಂದ ಪೂರ್ತಿ ದೂರವಿರಿಸಿದರೆ ಒಂಟಿತನದಿಂದಲೇ ಅದು ಮೇವು ಬಿಡುವುದುಂಟು. ಸೋಂಕಿನ ಶಂಕೆಯಿಲ್ಲದಿದ್ದರೆ ತಂತಿಬಲೆಯ ಆಚೆ ಜೊತೆಗಾರರ ಸದ್ದೂ ವಾಸನೆಯೂ ತಲುಪುವಂತೆ ಇರಿಸಬೇಕು, ಶಂಕೆಯಿದ್ದರೆ ಬೇರೆ ಕೋಣೆಯೇ ಸರಿ, ಮತ್ತು ಅದರ ಕೆಲಸವನ್ನು ಇತರರ ಕೆಲಸ ಮುಗಿಸಿದ ಮೇಲೆ ಮಾಡಬೇಕು. ಹಿಕ್ಕೆ ತನ್ನ ಆಕಾರಕ್ಕೆ ಮರಳಿ, ತಾನಾಗಿಯೇ ಹುಲ್ಲು ಜಗಿಯತೊಡಗಿ, ತೂಕ ಎರಡು ಮೂರು ದಿನ ಇಳಿಯದೆ ನಿಂತ ಮೇಲೆ ಸಿರಿಂಜಿನ ಗಂಜಿಯನ್ನು ಸಾವಕಾಶವಾಗಿ ಕಡಿಮೆ ಮಾಡಬಹುದು. ಹಸುರುಹುಲ್ಲಿಗೆ ಮಾತ್ರ ಅವಸರ ಸಲ್ಲದು: ಮೊದಲ ದಿನ ಒಣಹುಲ್ಲಿನೊಡನೆ ನಾಲ್ಕು ಎಸಳು, ಮರುದಿನ ಹಿಕ್ಕೆಯನ್ನು ನೋಡಿ ಎಂಟು, ಹೀಗೆ ಒಂದು ವಾರ. ಗುಂಪಿಗೆ ಮರಳಿಸುವ ದಿನ ಗೂಡನ್ನು ತೊಳೆದು ಒಣಗಿಸಿ, ಹಾಸನ್ನೂ ನೀರಿನ ಸೀಸೆಯನ್ನೂ ಬದಲಿಸಿ, ಹುಲ್ಲನ್ನು ಎರಡು ಮೂಲೆಗಳಲ್ಲಿ ಕಟ್ಟಿ, ಮೊದಲ ಒಂದು ತಾಸು ಯಾರಾದರೂ ಅಲ್ಲಿಯೇ ಕುಳಿತು, ದೊಡ್ಡ ಗಂಡು ಅದನ್ನು ಬುಟ್ಟಿಯಿಂದ ಓಡಿಸುತ್ತದೆಯೇ ಎಂಬುದನ್ನು ನೋಡಿಕೊಳ್ಳಬೇಕು.